ಶ್ರಾವಣದ ಒಂದು ವಾರ: ಮನೆಯಲ್ಲೇ ಕಲಿಯುವ ಮೂರು ಮಕ್ಕಳ ಪ್ರಕರಣ

"ಚಿಕ್ಕ ಮಕ್ಕಳು ಮೂರು ಇಟ್ಕೊಂಡು ಮನೇಲೇ ಪಾಠ ಹೇಗೆ ಮಾಡ್ತೀರಿ?" ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತದೆ. ಎರಡು ಮಾತಿನಲ್ಲಿ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಒಂದು ವಾರವನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತಿದ್ದೇನೆ. 2023ರ ಆಗಸ್ಟ್ 21ರ ಸೋಮವಾರದಿಂದ 27ರ ಭಾನುವಾರದವರೆಗಿನ ವಾರ. ಆಗ ರಾತ್ರಿ ಮಲಗುವ ಮುಂಚೆ ಡೈರಿ ಬರೆಯುವ ಅಭ್ಯಾಸ ಇತ್ತು. ಹಾಗಾಗಿ ಏನಾಯಿತು, ಎಷ್ಟು ಹೊತ್ತು ಆಯಿತು ಅನ್ನೋದು ಕೈಯಲ್ಲಿದೆ.

ಮನೆಯ ಪರಿಸ್ಥಿತಿ

ನಾವಿರುವುದು ಮೈಸೂರಿನಲ್ಲಿ. ಎರಡು ರೂಮಿನ ಬಾಡಿಗೆ ಮನೆ, ಮುಂದೆ ಸಣ್ಣ ಅಂಗಳ. ದೊಡ್ಡವಳಿಗೆ ಆಗ ಎಂಟು ವರ್ಷ. ಮಗನಿಗೆ ಐದೂವರೆ. ಕೊನೆಯ ಕೂಸಿಗೆ ಹದಿನಾಲ್ಕು ತಿಂಗಳು, ಗೋಡೆ ಬಿಟ್ಟು ನಡೆಯೋದನ್ನ ಆಗಷ್ಟೇ ಕಲಿತಿತ್ತು. ಮನೆಯವರದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಆ ವಾರ ನೈಟ್ ಶಿಫ್ಟ್. ಬೆಳಿಗ್ಗೆ ಏಳೂವರೆಗೆ ಬಂದು ತಿಂಡಿ ತಿಂದು ಮಲಗಿದರೆ ಮಧ್ಯಾಹ್ನ ಎರಡು ಗಂಟೆವರೆಗೆ ಮನೆಯಲ್ಲಿ ಸದ್ದು ಮಾಡುವ ಹಾಗಿಲ್ಲ. ನಾನು ಮನೆಯಲ್ಲೇ ಕೂತು ಪ್ರೂಫ್ ತಿದ್ದುತ್ತೇನೆ. ಗುರುವಾರದೊಳಗೆ ನೂರೆಂಬತ್ತು ಪುಟ ಮುಗಿಸಿ ಕಳಿಸಬೇಕಿತ್ತು. ಸೋಮವಾರ ನಾಗರ ಪಂಚಮಿ, ಶುಕ್ರವಾರ ವರಮಹಾಲಕ್ಷ್ಮಿ. ನಡುವೆ ಬುಧವಾರ ಚಂದ್ರಯಾನ ಇಳಿಯುವ ದಿನ. ವಾರ ಶುರುವಾಗುವ ಹಿಂದಿನ ದಿನ, ಭಾನುವಾರವೇ ಅತ್ತೆ ಊರಿಂದ ಬಂದಿದ್ದರು, ಹಬ್ಬ ಮುಗಿಸಿಕೊಂಡು ಸ್ವಲ್ಪ ದಿನ ಇರೋಣ ಅಂತ.

ಶಾಲೆಗೆ ಯಾಕೆ ಕಳಿಸಲಿಲ್ಲ ಅನ್ನೋದನ್ನೂ ಹೇಳಬೇಕು. ನಮಗೆ ಶಾಲೆಯ ಮೇಲೆ ಯಾವ ಕೋಪವೂ ಇರಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲ ಮುಚ್ಚಿದಾಗ ದೊಡ್ಡವಳಿಗೆ ಐದು ವರ್ಷವೂ ತುಂಬಿರಲಿಲ್ಲ. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಅವಳು ಮನೆಯಲ್ಲೇ ಓದು ಕಲಿತಿದ್ದಳು. ಬೆಳಿಗ್ಗೆ ಎದ್ದು ಪುಸ್ತಕ ಹಿಡಿದು ಕೂರುತ್ತಿದ್ದಳು. ಆ ಖುಷಿಯನ್ನು ಕೆಡಿಸೋಕೆ ಮನಸ್ಸಾಗಲಿಲ್ಲ. ಒಂದು ವರ್ಷ ನೋಡೋಣ ಅಂದುಕೊಂಡದ್ದು ಹಾಗೇ ಮುಂದುವರಿಯಿತು.

ಕಾನೂನಿನ ವಿಷಯ ಜನ ಕೇಳುತ್ತಾರೆ, ಕೇಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅದು ಅನ್ವಯ. ಮಗುವನ್ನು ಶಾಲೆಗೆ ಸೇರಿಸೋದು ತಂದೆ ತಾಯಿಯ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಮನೆಯಲ್ಲೇ ಕಲಿಸೋದರ ಬಗ್ಗೆ ಕಾಯ್ದೆಯಲ್ಲಿ ಒಂದು ಮಾತೂ ಇಲ್ಲ. ಈ ದಾರಿ ಹಿಡಿಯುವವರು ಇದನ್ನು ತಿಳಿದುಕೊಂಡೇ ಹಿಡಿಯಬೇಕು. ಮುಂದೆ ಹತ್ತನೇ ತರಗತಿ ಪರೀಕ್ಷೆಯನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಬರೆಯಬಹುದು. ಅದಕ್ಕೆ 14 ವರ್ಷ ತುಂಬಿರಬೇಕು. ಪಾಠಕ್ಕೆ ನಾವು ಬಳಸೋದು ಕರ್ನಾಟಕ ಸರ್ಕಾರದ ಪಠ್ಯಪುಸ್ತಕಗಳನ್ನೇ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ.

ಸೋಮವಾರ, ಮಂಗಳವಾರ

ಸೋಮವಾರ ಚೆನ್ನಾಗಿಯೇ ಹೋಯಿತು. ಚಿಗಳಿ, ತಂಬಿಟ್ಟು ಮಾಡಿದೆವು. ಮಕ್ಕಳು ಕುಟ್ಟಿದ ಎಳ್ಳು ಬೆಲ್ಲವನ್ನು ಉಂಡೆ ಕಟ್ಟಿದರು, ಅರ್ಧ ತಿಂದರು. ನಾಗರಕಲ್ಲಿಗೆ ಹಾಲೆರೆದು ಬಂದೆವು. ಹುತ್ತ ಕಟ್ಟೋದು ಹಾವಲ್ಲ, ಗೆದ್ದಲು ಅಂತ ಅತ್ತೆ ಹೇಳಿದ್ದನ್ನು ಮಗ ಸಂಜೆವರೆಗೂ ಎಲ್ಲರಿಗೂ ಹೇಳುತ್ತಾ ಓಡಾಡಿದ. ಪಕ್ಕದ ಮನೆಯವರು ಧಾರವಾಡ ಕಡೆಯವರು. ಪಂಚಮಿಗೆ ಜೋಕಾಲಿ ಇಲ್ಲದಿದ್ದರೆ ಅವರಿಗೆ ಹಬ್ಬವೇ ಅಲ್ಲ. ನಮ್ಮಿಬ್ಬರ ಕಾಂಪೌಂಡಿನ ನಡುವೆ ಇರುವ ಮಾವಿನ ಮರಕ್ಕೆ ದಪ್ಪ ಹಗ್ಗ ಕಟ್ಟಿಕೊಟ್ಟರು. ಆ ಜೋಕಾಲಿ ವಾರಪೂರ್ತಿ ಹಾಗೇ ಉಳಿಯಿತು. ಮುಂದೆ ಅದು ಕೆಲಸಕ್ಕೂ ಬಂತು.

ಕೆಟ್ಟದ್ದು ಮಂಗಳವಾರ.

ಆಗ ನಮ್ಮ ಅಡುಗೆಮನೆ ಬಾಗಿಲಿಗೆ ಒಂದು ಟೈಮ್‌ಟೇಬಲ್ ಅಂಟಿಸಿದ್ದೆ. 9ರಿಂದ 9.40 ಕನ್ನಡ, 9.40ರಿಂದ 10.20 ಗಣಿತ, ಆಮೇಲೆ ಇಂಗ್ಲಿಷ್, ಆಮೇಲೆ ಪರಿಸರ. ಇಬ್ಬರಿಗೂ ಒಟ್ಟಿಗೆ. ಬಣ್ಣ ಬಣ್ಣದ ಪೆನ್ನಿನಲ್ಲಿ ಬರೆದಿದ್ದೆ. ಎರಡು ತಿಂಗಳಿಂದ ಅದನ್ನು ಒಂದು ದಿನವೂ ಪೂರ್ತಿ ನಡೆಸೋಕೆ ಆಗಿರಲಿಲ್ಲ. ಆದರೂ ತಪ್ಪು ನನ್ನದೇ, ನಾನು ಇನ್ನೂ ಬೇಗ ಏಳಬೇಕು ಅಂತಲೇ ಅಂದುಕೊಳ್ಳುತ್ತಿದ್ದೆ.

ಸೋಮವಾರ ರಾತ್ರಿ ಕೂಸಿಗೆ ಜ್ವರ ಬಂತು. ಹಲ್ಲು ಬರುತ್ತಿತ್ತು, ನಿದ್ದೆ ಇಲ್ಲ. ಬೆಳಿಗ್ಗೆ ಮೂವರನ್ನೂ ಕರೆದುಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋದೆ. ಒಂದೂವರೆ ಗಂಟೆ ಕಾದೆವು. ವಾಪಸ್ ಬಂದಾಗ ಹನ್ನೊಂದೂವರೆ. ಟೈಮ್‌ಟೇಬಲ್ ಪ್ರಕಾರ ಅರ್ಧ ದಿನ ಮುಗಿದಿತ್ತು. ಅದನ್ನು ಹೇಗಾದರೂ ಸರಿದೂಗಿಸಬೇಕು ಅಂತ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಇಬ್ಬರನ್ನೂ ಕೂರಿಸಿದೆ. ಮಗಳಿಗೆ ಭಾಗಾಕಾರ. ಮಗನಿಗೆ ಅಕ್ಷರ.

ಮಗನಿಗೆ ಅಷ್ಟೂ ನಲವತ್ತೊಂಬತ್ತು ಅಕ್ಷರ ಬಾಯಿಪಾಠ. ಅ ಆ ಇ ಈಯಿಂದ ಳವರೆಗೆ ಹಾಡಿನ ಹಾಗೆ ಹೇಳುತ್ತಾನೆ. ನಾನು ಸ್ಲೇಟಿನ ಮೇಲೆ "ಮರ" ಅಂತ ಬರೆದು ತೋರಿಸಿದೆ. ಅವನು ಮ ಯಾವುದು ಅಂತ ತಿಳಿಯೋಕೆ ಅ ಆ ಇಂದ ಶುರು ಮಾಡಿ ಬೆರಳು ಮಡಚುತ್ತಾ ಬಂದ. ಪ ಫ ಬ ಭ ಮ. ಅಲ್ಲಿಗೆ ಬಂದು "ಮ" ಅಂದ. ಮತ್ತೆ ಮೊದಲಿನಿಂದ ಶುರು ಮಾಡಿ ರ ಸಿಗುವ ಹೊತ್ತಿಗೆ ಮ ಮರೆತುಹೋಗಿತ್ತು. ಮೂರು ಸಲ ಹೀಗೇ ಆಯಿತು. ಕೂಸು ಅಳುತ್ತಿತ್ತು. ಮಗಳು "ಅಮ್ಮಾ, ಶೇಷ ಏನು ಮಾಡ್ಲಿ?" ಅಂತ ನಾಲ್ಕನೇ ಸಲ ಕೇಳಿದಳು. ನಾನು ಕಿರುಚಿದೆ. ಮಗನ ಕೈಯಿಂದ ಸ್ಲೇಟು ಕಿತ್ತುಕೊಂಡೆ. ಅವನು ಅಳಲಿಲ್ಲ. ನನ್ನ ಮುಖ ನೋಡುತ್ತಾ ತನ್ನ ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂತ. ಆ ಕೂತ ಭಂಗಿ ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ. ಒಳಗೆ ಮಲಗಿದ್ದ ಮನೆಯವರು ಎದ್ದು ಬಂದರು. ಏನೂ ಅನ್ನದೆ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಹೋದರು.

ಅತ್ತೆ ಅವತ್ತು ಹಗಲು ಏನೂ ಮಾತಾಡಲಿಲ್ಲ.

ತಟ್ಟೆ

ಅತ್ತೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಗಳಲ್ಲೇ ಬಹಳ ವರ್ಷ ಇದ್ದರು. ಸರ್ಕಾರಿ ಶಾಲೆಗಳ ನಲಿ-ಕಲಿ ಅನ್ನುವ ಕಲಿಕೆಯ ಪದ್ಧತಿ ಶುರುವಾದದ್ದು ಅದೇ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ನಮ್ಮ ಟೀಚರುಗಳು ಇಲ್ಲಿಗೆ ಹೊಂದುವ ಹಾಗೆ ಅದನ್ನು ಕಟ್ಟಿದರು. ಇವೆಲ್ಲ ನನಗೆ ಗೊತ್ತಿತ್ತು. ಆದರೆ ಒಂದೇ ರೂಮಿನಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನು ಒಬ್ಬರೇ ಟೀಚರ್ ನೋಡಿಕೊಳ್ಳುವ ಕಷ್ಟಕ್ಕೆಂದೇ ಹುಟ್ಟಿದ ಪದ್ಧತಿ ಅದು, ನನ್ನ ಮನೆಯ ಕಷ್ಟವೂ ಅದೇ ಅಂತ ಒಂದು ಸಲವೂ ಹೊಳೆದಿರಲಿಲ್ಲ.

ರಾತ್ರಿ ಮಕ್ಕಳು ಮಲಗಿದ ಮೇಲೆ ಅತ್ತೆ ಅವರೆಕಾಳು ಚಿಲುಕುತ್ತಾ ಕೂತಿದ್ದರು. ನಾನು ಪ್ರೂಫ್ ಹಿಡಿದಿದ್ದೆ.

"ಮಗು ಹಾಡ್ತಾನೆ ಕಣಮ್ಮಾ, ಓದಲ್ಲ," ಅಂದರು. "ತಪ್ಪು ಅವಂದಲ್ಲ."

"ಮತ್ತೆ ನಂದಾ ಅತ್ತೆ?"

"ನಿಂದೂ ಅಲ್ಲ. ಸಾಲು ತಪ್ಪು. ಅ ಆ ಇ ಈ ನಾಲ್ಕೂ ಕಲಿತ ಮೇಲೆ ಅವನಿಗೆ ಓದೋಕೆ ಒಂದು ಪದ ಸಿಕ್ತಾ ಹೇಳು?"

ಯೋಚಿಸಿದೆ. "ಆ", "ಈ" ಬಿಟ್ಟರೆ ಸಿಗಲ್ಲ. ಕನ್ನಡದಲ್ಲಿ ಸ್ವರ ಬಿಡಿ ಅಕ್ಷರವಾಗಿ ಬರೋದು ಹೆಚ್ಚಾಗಿ ಪದದ ಶುರುವಿನಲ್ಲಿ ಮಾತ್ರ. ಹದಿನೈದು ಅಕ್ಷರ ಕಲಿತು ಮುಗಿಸಿದರೂ ಮಗುವಿಗೆ ಓದಿದ ಸುಖ ಸಿಗೋದೇ ಇಲ್ಲ. ನಲಿ-ಕಲಿಯಲ್ಲಿ ಮೊದಲು ಕಲಿಸೋದು ಐದೇ ಅಕ್ಷರ: ರ, ಗ, ಸ, ದ, ಅ. ಈ ಐದರಿಂದ ಎಷ್ಟು ಪದ ಆಗುತ್ತವೆ ಅಂತ ಅತ್ತೆ ಕಾಳಿನ ತಟ್ಟೆ ಪಕ್ಕಕ್ಕಿಟ್ಟು ಹೇಳುತ್ತಾ ಹೋದರು. ಸರ. ರಸ. ದರ. ಅರಸ. ಅಗಸ. ಗರಗಸ. ಒಂದಕ್ಕೂ ಕೊಂಬು, ಇಳಿ, ಒತ್ತು ಬೇಡ. ಎಲ್ಲ ಮಕ್ಕಳ ಕಿವಿಗೆ ಬಿದ್ದಿರುವ, ಇಲ್ಲ ತೋರಿಸಬಹುದಾದ ಪದಗಳು. ನಾನು ದಿನಾ ಕನ್ನಡ ತಿದ್ದುವವಳು. ನನ್ನ ಭಾಷೆಯ ಬಗ್ಗೆ ಇಷ್ಟು ಸರಳವಾದ ವಿಷಯ ನನಗೆ ಹೊಳೆದಿರಲಿಲ್ಲವಲ್ಲ ಅಂತ ನಿಜಕ್ಕೂ ನಾಚಿಕೆಯಾಯಿತು.

ಎರಡನೆಯದು ಗುಂಪಿನ ವಿಷಯ. ನಲಿ-ಕಲಿಯಲ್ಲಿ ಗುಂಪಿಗೆ ತಟ್ಟೆ ಅನ್ನುತ್ತಾರೆ. ಒಂದು ತಟ್ಟೆಯ ಮಕ್ಕಳಿಗೆ ಟೀಚರ ಪೂರ್ತಿ ಸಹಾಯ. ಇನ್ನೊಂದಕ್ಕೆ ಸ್ವಲ್ಪ. ಮತ್ತೆ ಎರಡರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ. ಕೊನೆಯದರಲ್ಲಿ ತಾವೇ ಕಲಿಯುತ್ತಾರೆ. ಟೀಚರ್ ಯಾವ ಹೊತ್ತಿನಲ್ಲೂ ಎಲ್ಲರಿಗೂ ಕಲಿಸುತ್ತಿರುವುದಿಲ್ಲ. ನಾನು ಇಷ್ಟು ದಿನ ಮಾಡುತ್ತಿದ್ದದ್ದು ಅದಕ್ಕೆ ಉಲ್ಟಾ: ಮೂರು ಮಕ್ಕಳ ಜೊತೆ ಒಂದೇ ಸಲ ಪೂರ್ತಿ ಇರಬೇಕು ಅಂತ ಹೊರಟು ಒಬ್ಬರ ಜೊತೆಯೂ ಇರುತ್ತಿರಲಿಲ್ಲ. ನನ್ನ ಟೈಮ್‌ಟೇಬಲ್ಲಿನಲ್ಲಿ ಯಾವ ವಿಷಯ ಅಂತ ಬರೆದಿತ್ತು. ಯಾರ ಜೊತೆ ಯಾರು ಅಂತ ಬರೆದೇ ಇರಲಿಲ್ಲ. ಚಿಕ್ಕ ಮಕ್ಕಳ ಮನೆಯಲ್ಲಿ ಮೊದಲು ತೀರ್ಮಾನ ಆಗಬೇಕಾದದ್ದು ಅದು.

ಅತ್ತೆ ಅಡುಗೆಮನೆಯಿಂದ ಮೂರು ಸ್ಟೀಲ್ ತಟ್ಟೆ ತಂದು ಚಾಪೆ ಮೇಲೆ ಇಟ್ಟರು. ಒಂದು "ಅಮ್ಮನ ತಟ್ಟೆ". ಒಂದು "ಜೊತೆ ತಟ್ಟೆ", ಅಲ್ಲಿ ಅಕ್ಕನೋ ಅಜ್ಜಿಯೋ ಇರುತ್ತಾರೆ. ಮತ್ತೊಂದು "ನನ್ನ ತಟ್ಟೆ". ತಟ್ಟೆಯಲ್ಲಿ ಇಟ್ಟದ್ದೇ ಅವತ್ತಿನ ಕೆಲಸ. ಇಪ್ಪತ್ತು ನಿಮಿಷಕ್ಕೊಮ್ಮೆ ಮಕ್ಕಳು ತಟ್ಟೆ ಬದಲಾಯಿಸುತ್ತಾರೆ. ಕೂಸಿಗೂ ಒಂದು ಸಣ್ಣ ತಟ್ಟೆ ಬೇಕು ಅಂತ ಮಗಳು ಬೆಳಿಗ್ಗೆ ಎದ್ದು ತಾನೇ ಇಟ್ಟಳು. ಅದರಲ್ಲಿ ಎರಡು ಚಮಚ, ಒಂದು ಡಬ್ಬಿ ಮುಚ್ಚಳ.

ಬುಧವಾರ

ಬೆಳಿಗ್ಗೆ ಒಂಬತ್ತಕ್ಕೆ ಮಗ "ಅಮ್ಮನ ತಟ್ಟೆ"ಗೆ ಬಂದ. ಅದರ ತುಂಬ ರಂಗೋಲಿ ಪುಡಿ ಹರಡಿದ್ದೆ. ಸ್ಲೇಟು ಮಾತ್ರ ಇಡಲಿಲ್ಲ. ಬೆರಳಿನಲ್ಲಿ ರ ಬರೆದು ತೋರಿಸಿದೆ. ಅವನೂ ಬರೆದ. ಸ ಬರೆದೆವು. ಎರಡನ್ನೂ ಅಕ್ಕಪಕ್ಕ ಬರೆದೆ. ಅವನ ಬೆರಳು ಮೊದಲಿನಂತೆ ಮಡಚೋಕೆ ಹೊರಟಿತು. ನಾನು ಮೆಲ್ಲಗೆ ಹಿಡಿದು ಸ ಮೇಲೆ ಇಟ್ಟೆ, ಆಮೇಲೆ ರ ಮೇಲೆ. "ಸ... ರ." ಸುಮ್ಮನಾದ. "ಸ, ರ." ತುಟಿಯಲ್ಲೇ ಹೇಳಿಕೊಂಡ. ಆಮೇಲೆ ತಲೆಯೆತ್ತಿ ಅಜ್ಜಿಯ ಕಡೆ ನೋಡಿದ. ಎದ್ದು ಹೋಗಿ ಅಜ್ಜಿಯ ಕತ್ತಿನಲ್ಲಿದ್ದ ಸರವನ್ನು ಎರಡು ಬೆರಳಿನಲ್ಲಿ ಹಿಡಿದ. "ಇದು," ಅಂದ. ಅವನ ಬೆರಳಿನ ರಂಗೋಲಿ ಪುಡಿ ಅತ್ತೆಯ ಕರಿಮಣಿಗೆ ಬೆಳ್ಳಗೆ ಅಂಟಿಕೊಂಡಿತು. ಅತ್ತೆ ಅದನ್ನು ಒರೆಸಿಕೊಳ್ಳಲಿಲ್ಲ.

ಅಪ್ಪ ಮಲಗಿದ್ದರು. ಹಾಗಾಗಿ ನಾವ್ಯಾರೂ ಕೂಗಲಿಲ್ಲ. ಮಗಳು ಬಾಯಿ ಮುಚ್ಚಿಕೊಂಡು ಕುಣಿದಳು.

ಅವಳ ಕೆಲಸವೂ ಅವತ್ತು ಸಲೀಸಾಯಿತು. ಆ ವರ್ಷ ಆಗಸ್ಟ್‌ನಲ್ಲಿ ಮಳೆ ಪೂರ್ತಿ ಕೈಕೊಟ್ಟಿತ್ತು. ಪತ್ರಿಕೆಯಲ್ಲಿ ದಿನಾ ಬರುವ ಕೆಆರ್‌ಎಸ್ ನೀರಿನ ಮಟ್ಟವನ್ನು ಅವಳು ಚೌಕದ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದಳು. ಪೂರ್ತಿ ತುಂಬಿದರೆ 124.80 ಅಡಿ. ಅದರಿಂದ ಅವತ್ತಿನ ಮಟ್ಟ ಕಳೆದರೆ ಎಷ್ಟು ಕಮ್ಮಿ ಅಂತ ಗೊತ್ತಾಗುತ್ತದೆ. ದಶಮಾಂಶ ನಾನು ಪಾಠ ಮಾಡಿದ್ದಲ್ಲ, ಹೀಗೇ ಬಂದದ್ದು. ಗೆರೆ ದಿನಾ ಕೆಳಗೆ ಹೋಗುತ್ತಿತ್ತು. "ಅಮ್ಮ, ಈ ನೀರು ನಮ್ಮನೆ ನಲ್ಲಿಗೂ ಬರುತ್ತಲ್ವಾ?" ಅಂತ ಕೇಳಿದ್ದಳು. ಬರುತ್ತದೆ. ಮೈಸೂರಿಗೆ ಕಾವೇರಿ, ಕಬಿನಿ ಎರಡರ ನೀರೂ ಬರುತ್ತದೆ. ಅವತ್ತಿನಿಂದ ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತಾಳೆ.

ಮಧ್ಯಾಹ್ನ ಅವಳ ಪ್ರಶ್ನೆ ಇದ್ದದ್ದು ಚಂದ್ರಯಾನದ ಮೇಲೆ. ಹಾರಿದ್ದು ಜುಲೈ 14ಕ್ಕೆ, ಇಳಿಯೋದು ಆಗಸ್ಟ್ 23ಕ್ಕೆ. 1969ರಲ್ಲಿ ಅಮೆರಿಕದವರು ನಾಲ್ಕೇ ದಿನದಲ್ಲಿ ಹೋಗಿದ್ದರಂತೆ, ನಮಗ್ಯಾಕೆ ನಲವತ್ತು ದಿನ? ಅವಳನ್ನು ಜೋಕಾಲಿಯಲ್ಲಿ ಕೂರಿಸಿದೆ. ಒಂದೇ ಸಲ ಜೋರಾಗಿ ನೂಕಿ ಮೇಲೆ ಕಳಿಸೋಕೆ ತುಂಬ ಬಲ ಬೇಕು. ಅವರ ರಾಕೆಟ್ ಅಷ್ಟು ದೊಡ್ಡದಿತ್ತು. ನಮ್ಮದು ಸಣ್ಣದು. ಅದಕ್ಕೇ ಭೂಮಿಯನ್ನು ಸುತ್ತುತ್ತಾ, ಹತ್ತಿರ ಬಂದಾಗಲೆಲ್ಲ ಒಂದೊಂದು ಸಲ ನೂಕಿಕೊಂಡು, ಪ್ರತಿ ಸುತ್ತಿನಲ್ಲೂ ಇನ್ನಷ್ಟು ದೂರ ಹೋಗುವ ಉಪಾಯ. ಐದು ಸಲ ಹೀಗೆ ಕಕ್ಷೆ ಎತ್ತರಿಸಿದರು. ಮಗಳು ಐದು ನೂಕು ಎಣಿಸಿದಳು. ಪ್ರತಿ ನೂಕಿಗೂ ಕಾಲು ಮಾವಿನ ಎಲೆಗೆ ಇನ್ನಷ್ಟು ಹತ್ತಿರ ಹೋಯಿತು. ಐದನೆಯದಕ್ಕೆ ತಾಗಿತು.

ಸಂಜೆ ಐದೂ ಇಪ್ಪತ್ತಕ್ಕೆ ಟಿವಿ ಹಾಕಿದೆವು. ಪಕ್ಕದ ಮನೆಯವರೂ ಬಂದರು. ಬೆಂಗಳೂರಿನ ಇಸ್ರೋ ಕೇಂದ್ರದ ಪರದೆ ಮೇಲೆ ಒಂದು ಗೆರೆ ಕಾಣುತ್ತಿತ್ತು. ಸುಮಾರು 30 ಕಿಲೋಮೀಟರ್ ಎತ್ತರದಿಂದ ಕೆಳಗೆ ಬರುವ ಗೆರೆ. ಚಂದ್ರಯಾನದ ಲ್ಯಾಂಡರ್ ವಿಕ್ರಮ್ ಅದರ ಮೇಲೆ ಮೆಲ್ಲಗೆ ಜಾರುತ್ತಿತ್ತು. ಮಗಳು ಎದ್ದು ನಿಂತಳು. "ಅಮ್ಮ, ಕೆಆರ್‌ಎಸ್ ಥರಾನೇ! ಉದ್ದಕ್ಕೆ ಎತ್ತರ!" ಇನ್ನೂ ಮೂರನೇ ತರಗತಿ ಪುಸ್ತಕ ಓದುವ ಹುಡುಗಿ. ನಾನು ಅವಳಿಗೆ ಗ್ರಾಫ್ ಓದೋದು ಹೇಳಿಕೊಟ್ಟೇ ಇರಲಿಲ್ಲ. 6 ಗಂಟೆ 4 ನಿಮಿಷಕ್ಕೆ ಇಳಿಯಿತು. ಅತ್ತೆ ಅಳುತ್ತಿದ್ದರು. ಕೂಸು ಎಲ್ಲರೂ ಚಪ್ಪಾಳೆ ತಟ್ಟಿದ್ದು ನೋಡಿ ತಾನೂ ತಟ್ಟಿತು. ಜ್ವರ ಬಿಟ್ಟಿತ್ತು.

ಮೊಳ ಮತ್ತು ದರ

ಗುರುವಾರ ಬೆಳಿಗ್ಗೆ ಅತ್ತೆ, ನಾನು, ದೊಡ್ಡ ಮಕ್ಕಳಿಬ್ಬರು ದೇವರಾಜ ಮಾರ್ಕೆಟ್ಟಿಗೆ ಹೋದೆವು. ಅವತ್ತು ತಟ್ಟೆ ಇಡಲಿಲ್ಲ. ಹಬ್ಬದ ಹಿಂದಿನ ದಿನ ಹೂವಿನ ಬೆಲೆ ಗೊತ್ತಲ್ವಾ, ಕೇಳೋಕೇ ಭಯ. ಹೂ ಮಾರುವಾಕೆ ಮಲ್ಲಿಗೆಯನ್ನು ತಮ್ಮ ಮೊಣಕೈಯಿಂದ ಬೆರಳ ತುದಿವರೆಗೆ ಅಳೆದು ಕತ್ತರಿಸುತ್ತಿದ್ದರು. ಮಗಳು ತನ್ನ ಕೈ ಚಾಚಿ ನೋಡಿಕೊಂಡಳು. "ಅಜ್ಜಿ, ನನ್ನ ಮೊಳದಲ್ಲಿ ತಗೊಂಡ್ರೆ ಕಮ್ಮಿ ಬರುತ್ತೆ!" ಹೂವಾಡಗಿತ್ತಿ ನಕ್ಕು ಒಂದು ಗೇಣು ಜಾಸ್ತಿ ಕೊಟ್ಟರು. ಮನೆಗೆ ಬಂದು ಟೇಪಿನಲ್ಲಿ ಅಳೆದಳು. ಅಜ್ಜಿಯ ಮೊಳ 43 ಸೆಂಟಿಮೀಟರ್, ಅವಳದು 33. ನಾಲ್ಕು ಮೊಳ ಸೇರಿದರೆ ಒಂದು ಮಾರು ಅಂತ ಅಜ್ಜಿ ಹೇಳಿದ್ದನ್ನು ಪರೀಕ್ಷೆ ಮಾಡಿದಳು. ಎರಡೂ ಕೈ ಚಾಚಿದರೆ 127 ಬಂತು. ನಾಲ್ಕು ಮೊಳ ಆದರೆ 132 ಬರಬೇಕಿತ್ತು. ಐದು ಸೆಂಟಿಮೀಟರ್ ಎಲ್ಲಿ ಹೋಯಿತು ಅಂತ ಎರಡು ದಿನ ಎಲ್ಲರ ಕೈಯನ್ನೂ ಅಳೆದಳು.

ವಾಪಸ್ ಬರುವಾಗ ಹಾಪ್‌ಕಾಮ್ಸ್ ಅಂಗಡಿ ಮುಂದೆ ಮಗ ನಿಂತುಬಿಟ್ಟ. ಬೋರ್ಡಿನ ಮೇಲೆ ತರಕಾರಿಗಳ ಬೆಲೆ ಬರೆದಿತ್ತು. ತಲೆಯ ಮೇಲೆ "ಇಂದಿನ ದರ". ಅವನ ಕಣ್ಣು ಕೊನೆಯ ಎರಡು ಅಕ್ಷರದ ಮೇಲೆ. ಬೆರಳು ಮಡಚಲಿಲ್ಲ. "ದ... ರ. ದರ. ಅಮ್ಮ, ದರ ಅಂತ ಬರ್ದಿದೆ!" ಮನೆ ಹೊರಗೆ ಅವನು ಓದಿದ ಮೊದಲ ಪದ ಅದು. ದರ ಅಂದರೇನು ಅಂತ ಆಮೇಲೆ ಕೇಳಿದ.

ನನ್ನ ನೂರೆಂಬತ್ತು ಪುಟ ಮುಗಿದದ್ದು ಗುರುವಾರ ರಾತ್ರಿ ಒಂದು ಗಂಟೆಗೆ. ಶುಕ್ರವಾರ ಹಬ್ಬ. ಕಲಶಕ್ಕೆ ಸೀರೆ ಉಡಿಸೋದು, ಹೋಳಿಗೆ, ಅರಿಶಿನ ಕುಂಕುಮಕ್ಕೆ ಬಂದವರು, ಇದರಲ್ಲೇ ದಿನ ಹೋಯಿತು. ಶನಿವಾರ ಯಾರೂ ಏನೂ ಮಾಡಲಿಲ್ಲ. ಮಲಗಿದೆವು.

ಲೆಕ್ಕ ಹಾಕಿದಾಗ

ಭಾನುವಾರ ಡೈರಿ ತೆಗೆದು ನಿಮಿಷ ಕೂಡಿಸಿದೆ. ಚಾಪೆ ಮೇಲೆ ಕೂತು ಪಾಠ ಅಂತ ಆದದ್ದು ಮಗಳಿಗೆ ಇಡೀ ವಾರದಲ್ಲಿ ಮೂರು ಗಂಟೆ ನಲವತ್ತು ನಿಮಿಷ. ಮಗನಿಗೆ ಎರಡು ಗಂಟೆ ಹತ್ತು ನಿಮಿಷ. ಟೈಮ್‌ಟೇಬಲ್ ಪ್ರಕಾರ ಹದಿಮೂರು ಗಂಟೆ ಮೇಲೆ ಆಗಬೇಕಿತ್ತು. ಆದರೂ ಮಗ ಓದೋಕೆ ಶುರು ಮಾಡಿದ್ದು ಈ ವಾರವೇ. ಆ ಎರಡು ಗಂಟೆಯಲ್ಲಿ ಮಂಗಳವಾರದ ಐವತ್ತು ನಿಮಿಷ ಪೂರ್ತಿ ವ್ಯರ್ಥ ಅಂತಲೂ ಬರೆದುಕೊಂಡಿದ್ದೇನೆ. ಬಾಗಿಲ ಮೇಲಿನ ಹಾಳೆ ಕಿತ್ತು ತೆಗೆದೆ. ಅದರ ಹಿಂಬದಿ ಖಾಲಿ ಇತ್ತು, ಮಗಳು ಕೆಆರ್‌ಎಸ್ ಗೆರೆ ಮುಂದುವರಿಸೋಕೆ ತೆಗೆದುಕೊಂಡಳು.

ಮಗನ ಹತ್ತಿರ ಸ್ಲೇಟು ಕಿತ್ತುಕೊಂಡದ್ದಕ್ಕೆ ಕ್ಷಮೆ ಕೇಳಿದೆ. "ಅವತ್ತು ನಿಂಗೆ ನಿದ್ದೆ ಬರ್ತಿತ್ತು," ಅಂದ.

ಸರಿಹೋಗದೆ ಉಳಿದವೂ ಇವೆ. ಇಂಗ್ಲಿಷ್ ಓದು ಆ ವಾರ ಒಂದು ನಿಮಿಷವೂ ಆಗಲಿಲ್ಲ, ಮುಂದಿನ ವಾರವೂ ಕಷ್ಟಪಟ್ಟು ಆಯಿತು. ಓರಗೆಯ ಮಕ್ಕಳ ಸಹವಾಸ ನಮ್ಮ ಮಕ್ಕಳಿಗೆ ಸಂಜೆ ರಸ್ತೆಯಲ್ಲಿ ಮಾತ್ರ ಸಿಗುತ್ತದೆ. ಅದು ಸಾಲದು. ನೈಟ್ ಶಿಫ್ಟ್ ವಾರದಲ್ಲಿ ಮನೆಯವರ ನಿದ್ದೆ ಕೆಡೋದನ್ನು ತಪ್ಪಿಸೋಕೆ ಈಗ ಬೆಳಗಿನ ತಟ್ಟೆಗಳನ್ನು ಅಂಗಳದಲ್ಲೇ ಇಡುತ್ತೇವೆ, ಮಳೆ ಬಂದರೆ ಅದೂ ಇಲ್ಲ.

ಸೆಪ್ಟೆಂಬರ್‌ನಲ್ಲಿ ಮುಂದಿನ ಐದು ಅಕ್ಷರ ಶುರು ಮಾಡಿದೆವು: ಜ, ವ, ಮ, ಬ, ನ. ಈ ಸಲ "ಮರ" ಅಂತ ಬರೆದು ತೋರಿಸಿದರೆ ತಕ್ಷಣ ಓದಿದ. ಆಮೇಲೆ ಗಣೇಶನ ಹಬ್ಬ ಮುಗಿಸಿ ಅತ್ತೆ ಊರಿಗೆ ಹೊರಟರು. ಅವರಿಲ್ಲದ ಮೊದಲ ವಾರದಲ್ಲಿ "ಜೊತೆ ತಟ್ಟೆ"ಯ ಭಾರವೆಲ್ಲ ದೊಡ್ಡವಳ ಮೇಲೆ ಬಿತ್ತು. ಮೂರನೇ ದಿನಕ್ಕೆ ತಟ್ಟೆ ನನ್ನ ಕಡೆ ಸರಿಸಿದಳು. "ಅಮ್ಮ, ನಾನೇನು ಟೀಚರಾ? ನಂಗೂ ಓದೋದಿದೆ." ಅವಳು ಹೇಳಿದ್ದು ಸರಿ. ಈಗ ತಮ್ಮನ ಜೊತೆ ಅವಳು ಕೂರೋದು ದಿನಕ್ಕೆ ಹತ್ತು ನಿಮಿಷ, ಅದೂ ಅವಳಿಗೆ ಮನಸ್ಸಿದ್ದರೆ ಮಾತ್ರ. ಉಳಿದ ಹೊತ್ತು ಅಜ್ಜಿ ಫೋನಿನಲ್ಲಿ ಬರುತ್ತಾರೆ. ಫೋನನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟರೆ ರಂಗೋಲಿ ಪುಡಿ ಅವರಿಗೆ ಸರಿಯಾಗಿ ಕಾಣುತ್ತದೆ.